ಒತ್ತಡ ಇಳಿದ ಮೇಲೆ

ಜೂನ್ 10, ಸೋಮವಾರ

ಕಮಲಕ್ಕನಿಗೆ ಇವತ್ತೂ ಕ್ಲಚ್ ಹಿಡಿತಕ್ಕೆ ಬರಲಿಲ್ಲ. ಬಾಳಗಡಿ ಏರಿನಲ್ಲಿ ಗಾಡಿ ಮತ್ತೆ ಮತ್ತೆ ಆಫ್. ಹಿಂದಿನಿಂದ ಬಸ್ಸಿನವನ ಹಾರ್ನ್. "ಬಡ್ಕೊಳ್ಳಲಿ ಬಿಡು, ಅವನಪ್ಪಂದಾ ರಸ್ತೆ?" ಎಂದರು. ಐವತ್ತೆಂಟು ವಯಸ್ಸು. ಹಿರೇಕೊಡಿಗೆಯಿಂದ ದಿನಾ ಬಸ್ಸಿನಲ್ಲಿ ಬಂದು ಕಾರು ಕಲಿಯುತ್ತಾರೆ. ನನ್ನ ಡ್ರೈವಿಂಗ್ ಸ್ಕೂಲಿಗೆ ಇದುವರೆಗೆ ಬಂದ ಹೆಂಗಸರಲ್ಲೆಲ್ಲ ಹಿರಿಯರು. ಹೆದರಿಕೆ ಎಂಬುದೇ ಇಲ್ಲ. ಅದೇ ನನ್ನ ಹೆದರಿಕೆ.

ಪೇಟೆಯ ತಿರುವಿನಲ್ಲಿ ಗಾಡಿ ತಟ್ಟನೆ ನಿಂತಿತು. ಬ್ರೇಕ್ ಒತ್ತಿದ್ದು ನಾನಲ್ಲ, ಕಮಲಕ್ಕ. ಸ್ಕೂಟಿಯ ಮೇಲೆ ಒಬ್ಬ ಹುಡುಗಿ, ಹಿಂದೆ ಅವಳ ಸೊಂಟ ಹಿಡಿದ ಮಗು... ಬಾನೆಟ್ಟಿಗೆ ತಾಗಿದ ಹಾಗೆಯೇ ದಾಟಿ ಹೋದಳು. ಬಂದದ್ದು ಎಡಗಡೆಯಿಂದ. ನಾನು ಕೂತಿದ್ದೂ ಎಡಗಡೆಯೇ. ಕಲಿಸುವವರ ಕಾಲಡಿ ಇನ್ನೊಂದು ಬ್ರೇಕ್ ಇಟ್ಟಿರುವುದು ಇಂಥದ್ದಕ್ಕೇ. ನನಗೆ ಅವಳು ಕಂಡೇ ಇರಲಿಲ್ಲ.

"ಬೇಕಂತಲೇ ಸುಮ್ನೆ ಕೂತಿದ್ದಲ್ಲನಾ? ನಾನು ನಿಲ್ಲಿಸ್ತೇನಾ ಇಲ್ವಾ ನೋಡ್ಲಿಕ್ಕೆ?"

"ಹೌದು ಕಮಲಕ್ಕ. ಪಾಸಾದ್ರಿ."

ಅವರಿಗೆ ಖುಷಿಯೋ ಖುಷಿ.

ಎಡಗಣ್ಣು ಎರಡು ವರ್ಷದ ಹಿಂದೆಯೇ ಮುಕ್ಕಾಲು ಹೋಗಿತ್ತು, ಗೊತ್ತಾಗುವ ಮೊದಲೇ. ಗ್ಲಾಕೋಮಾ. ಕಣ್ಣಿನೊಳಗಿನ ಪ್ರೆಶರ್ ಏರಿ ನರ ಸಾಯುತ್ತದೆ ಅಂದಿದ್ದರು. ಬಲಗಣ್ಣು ಗಟ್ಟಿ ಇದೆ ಅಂದಿದ್ದರು. ಆ ಧೈರ್ಯದ ಮೇಲೇ ಗಾಡಿ ಹತ್ತುತ್ತಿದ್ದೇನೆ. ಡ್ರಾಪ್ಸ್ ಒಂದು ದಿನ ತಪ್ಪಿಸಿಲ್ಲ. ಪ್ರೆಶರ್ ಹೋದ ಸಲ ನಾರ್ಮಲ್.

ಹಾಗಾದರೆ ಸ್ಕೂಟಿ ಎಲ್ಲಿ ಹೋಗಿತ್ತು?

ಗಂಡ ವೀರೇಶ್‌ಗೂ ಹೇಳಲಿಲ್ಲ. ಶಿವಮೊಗ್ಗಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ ಎಂದಷ್ಟೇ ಹೇಳಿದೆ.

ಜೂನ್ 20

ಶಿವಮೊಗ್ಗ. ಆಸ್ಪತ್ರೆಯಲ್ಲೇ ಅರ್ಧ ದಿನ ಹೋಯಿತು. ಫೀಲ್ಡ್ ಟೆಸ್ಟ್ — ಬೋಗುಣಿಯಂಥ ಮೆಷಿನ್ನಿಗೆ ಮುಖ ಕೊಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಬಟನ್ ಒತ್ತಬೇಕು. ಬಹಳ ಹೊತ್ತು ಏನೂ ಮಿನುಗಲಿಲ್ಲ. ಮೆಷಿನ್ ಕೆಟ್ಟಿದೆ ಎಂದುಕೊಂಡೆ. ಟೆಸ್ಟ್ ಮಾಡುವ ಹುಡುಗಿ "ಮೇಡಂ, ನಿದ್ದೆ ಬಂತಾ?" ಎಂದಳು.

ಡಾಕ್ಟರ್ ಸೌಂದರ್ಯಾ. ಚಿಕ್ಕ ವಯಸ್ಸು, ಮಾತು ನಿಧಾನ. ಪ್ರೆಶರ್ ಹನ್ನೆರಡು, ಇಪ್ಪತ್ತೊಂದರ ಒಳಗಿದ್ದರೆ ನಾರ್ಮಲ್ ಅಂದರು. ವೀರೇಶ್ ಅಷ್ಟಕ್ಕೇ ಕುರ್ಚಿಗೆ ಒರಗಿ ಕೂತರು, ಗೆದ್ದವರ ಹಾಗೆ. ಆಮೇಲೆ ಡಾಕ್ಟರ್ ಹಾಳೆ ತಿರುಗಿಸಿ ತೋರಿಸಿದರು. ಹೋದ ವರ್ಷದ್ದು, ಈ ವರ್ಷದ್ದು. ಬಲಗಣ್ಣಿನ ಚಿತ್ರದಲ್ಲಿ ಮೂಗಿನ ಪಕ್ಕ ಕಪ್ಪು ಹಬ್ಬಿದೆ.

"ಪ್ರೆಶರ್ ಇಳಿದಿದೆ ಅಂದ್ರಲ್ಲ ಡಾಕ್ಟ್ರೇ," ವೀರೇಶ್ ಕೇಳಿದರು. "ಮತ್ತೆ ಇದೆಂತಕ್ಕೆ?"

"ಅದನ್ನೇ ಹೇಳ್ತೀನಿ. ಕಣ್ಣಿನ ನರದ ಸುತ್ತ ಅದನ್ನ ಕಾಯೋ ಸಣ್ಣ ಸಣ್ಣ ಜೀವಕೋಶಗಳಿರ್ತವೆ. ಊಟ ಕೊಡೋದು, ಕಸ ತೆಗೆಯೋದು ಎಲ್ಲ ಅವೇ. ಮೊದಲು ಪ್ರೆಶರ್ ಜಾಸ್ತಿ ಇದ್ದಾಗ ಅವು ಕೆರಳಿವೆ. ಈಗ ಪ್ರೆಶರ್ ಇಳಿದ್ರೂ ಕೆಲವರಲ್ಲಿ ಅವು ತಣ್ಣಗಾಗಲ್ಲ. ಕಾಯಬೇಕಾದವೇ ನರಕ್ಕೆ ವಿಷ ಬಿಡ್ತಾ ಹೋಗ್ತವೆ. ಒಂಥರಾ ಉರಿಯೂತ. ಇನ್‌ಫ್ಲಮೇಶನ್. ಇದೇ ಪೂರ್ತಿ ಕಾರಣ ಅಂತ ನಾನು ಹೇಳಲ್ಲ, ಇನ್ನೂ ಸಂಶೋಧನೆ ನಡೀತಿದೆ."

"ಹಾಗಾದ್ರೆ ಆ ಉರಿಯೂತಕ್ಕೇ ಔಷಧಿ ಕೊಟ್ಬಿಡಿ."

"ಈ ಉರಿಯೂತಕ್ಕೆ ಕೊಡೋ ಅಂಥ ಔಷಧಿ ಇನ್ನೂ ಬಂದಿಲ್ಲ ಸರ್."

ವೀರೇಶ್ ಬಿಲ್ ಕಟ್ಟಲು ಹೊರಗೆ ಹೋದ ಮೇಲೆ ಡಾಕ್ಟರ್ ನನ್ನ ಕಡೆ ಬಗ್ಗಿ ಹೇಳಿದರು — ಪ್ರೆಶರನ್ನು ಇನ್ನೂ ಇಳಿಸಿ ನೋಡೋಣ, ಇನ್ನೊಂದು ಡ್ರಾಪ್ಸ್ ಸೇರಿಸುತ್ತೇನೆ, ಸೆಪ್ಟೆಂಬರಿನಲ್ಲಿ ಬನ್ನಿ. ನಾನು ಬರೆದದ್ದು ಬಿಟ್ಟು ಬೇರೆ ಏನನ್ನೂ ಕಣ್ಣಿಗೆ ಹಾಕಬೇಡಿ. ಗಾಡಿ ಓಡಿಸುವುದು ಇವತ್ತಿಗೇ ನಿಲ್ಲಿಸಿ.

ಕೊನೆಯ ಮಾತೊಂದೇ ಕಿವಿಯಲ್ಲಿ ಉಳಿಯಿತು.

ಬರುತ್ತಾ ಎನ್.ಆರ್. ಪುರದಲ್ಲಿ ಅಣ್ಣನ ಮನೆಗೆ ಹೋದೆವು. ಅಪ್ಪ ಜಗಲಿಯಲ್ಲಿದ್ದರು. ಅವರ ಎರಡೂ ಕಣ್ಣು ಹೋಗಿ ಹತ್ತು ವರ್ಷ. ಆಗ ಎಲ್ಲರೂ ವಯಸ್ಸು ಅಂದೆವು, ಯಾರೂ ಪ್ರೆಶರ್ ನೋಡಿಸಲಿಲ್ಲ. ನನ್ನ ಹೆಜ್ಜೆ ಕೇಳಿ ಮುಖ ಎತ್ತಿದರು.

"ದಾಕ್ಷಾ, ಎಷ್ಟು ಬಂತೇ ಪ್ರೆಶರ್ರು?"

"ಹನ್ನೆರಡು ಅಪ್ಪ."

"ಹಾಗಾದ್ರೆ ನೀನು ಉಳ್ಕೊಂಡೆ ಬಿಡು."

ಅತ್ತಿಗೆ ಕಾಫಿ ತಂದರು. ಕುಡಿದೆ.

ಜೂನ್ 24

ರಸ್ತೆಯಲ್ಲಿ ಕಲಿಸುವುದು ನಿಲ್ಲಿಸಿದೆ. ಮೈದಾನದಲ್ಲಿ ಮಾತ್ರ, ಅದೂ ಬರೀ ಬಾಯಿಮಾತು. ರಸ್ತೆಗೆ ಜಯಪುರದಿಂದ ಒಬ್ಬ ಡ್ರೈವರ್ ಗೊತ್ತು ಮಾಡಿದ್ದೇವೆ. ಕಲಿಯುವವರಲ್ಲಿ ಇಬ್ಬರು ಆಗಲೇ ಬಿಟ್ಟರು. "ನೀವಿದ್ರೆ ಮನೇಲಿ ಕಳಿಸ್ತಾರೆ ಮೇಡಂ, ಗಂಡಸ್ರಾದ್ರೆ ಇಲ್ಲ."

ಹದಿನಾಲ್ಕು ವರ್ಷ ಮಾಡಿದ ಕೆಲಸ. ಮೊದಲು ಗಾಡಿ ಕಲಿಸಿದ್ದು ವೀರೇಶ್, ಅವರ ಗ್ಯಾರೇಜಿಗೆ ರಿಪೇರಿಗೆ ಬಂದ ಹಳೇ ಓಮ್ನಿಯಲ್ಲಿ. ಆಮೇಲೆ ಈ ಊರಿನ ಹೆಂಗಸರಿಗೆ ಕಲಿಸಿದವಳು ನಾನು. ಶೃಂಗೇರಿ ರಸ್ತೆಯಲ್ಲಿ ಎದುರು ಸಿಕ್ಕರೆ ಹಾರ್ನ್ ಮಾಡಿ ಕೈ ಬೀಸುತ್ತಾರೆ.

ಜುಲೈ 3

ವೀರೇಶ್ ಫೋನು ಬಿಡುತ್ತಿಲ್ಲ. ಊಟಕ್ಕೆ ಕೂತರೂ ವಿಡಿಯೋ. ಕಣ್ಣು, ನರ, ಉರಿಯೂತ. ಅವರದೇ ಒಂದು ಲೆಕ್ಕಾಚಾರ. "ರೇಡಿಯೇಟರ್ ಸರಿಯಾಯ್ತು, ಒಳಗೆ ಹೀಟು ಹಾಗೇ ಉಳಿದಿದೆ. ಹೀಟು ಇಳಿಸದೆ ನೀರು ಹುಯ್ದು ಎಂತ ಪ್ರಯೋಜನ ಹೇಳು."

"ಔಷಧಿ ಇಲ್ಲ ಅಂದ್ರಲ್ಲ ಅವರು."

"ಇಲ್ಲ ಅಂದ್ರೆ ಅವರ ಹತ್ರ ಇಲ್ಲ."

ಮಗಳು ನಿಶ್ಚಿತಾ ತಟ್ಟೆಯಿಂದ ತಲೆ ಎತ್ತದೆ ನಕ್ಕಳು. ಬಿ.ಎಸ್ಸಿ. ಎರಡನೇ ವರ್ಷ, ಅಪ್ಪನ ವಿಜ್ಞಾನ ಕೇಳಿದರೆ ಅವಳಿಗೆ ನಗು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಜುಲೈ 9

ಸಂಜೆ ವೀರೇಶ್ ಗ್ಯಾರೇಜಿನಿಂದ ಬೇಗ ಬಂದರು. ಗ್ರೀಸ್ ಕೈ ತೊಳೆದು, ಒರೆಸಿ, ಮತ್ತೆ ತೊಳೆದು ಜೇಬಿನಿಂದ ಒಂದು ಪುಟ್ಟ ಬಾಟಲಿ ತೆಗೆದರು.

"ಉರಿಯೂತಕ್ಕೆ."

ಯಾವುದೋ ಮೆಡಿಕಲ್ಲಿನಲ್ಲಿ ಪರಿಚಯದವನಂತೆ. ಕಣ್ಣಿನ ಉರಿಯೂತಕ್ಕೆ ಯಾವುದು ಒಳ್ಳೆಯದು ಎಂದು ಕೇಳಿದರಂತೆ. ಇದೇ, ಎಲ್ಲ ಡಾಕ್ಟರೂ ಬರೆಯುವುದು ಇದನ್ನೇ ಎಂದನಂತೆ. ಹಾಲಿನಂಥ ಬಿಳಿ ನೀರು, ಕುಲುಕಿ ಹಾಕಬೇಕು.

ಬೇರೆ ಏನನ್ನೂ ಹಾಕಬೇಡಿ ಅಂದಿದ್ದರು ಡಾಕ್ಟರ್. ನೆನಪಾಯಿತು. ಹೇಳಲು ಬಾಯಿ ತೆರೆದೆ. ವೀರೇಶ್ ಮುಖ ನೋಡಿದೆ. ಶಿವಮೊಗ್ಗದಿಂದ ಬಂದ ಮೇಲೆ ಆ ಮುಖದಲ್ಲಿ ಬೆಳಕು ಕಂಡದ್ದು ಇವತ್ತೇ. ಅಷ್ಟೇ ಅಲ್ಲ. ನನಗೂ ಬೇಕಿತ್ತು. ಯಾವುದಾದರೂ ಒಂದು.

ತಲೆ ಹಿಂದೆ ಹಾಕಿ ಕೂತೆ. ರೆಪ್ಪೆ ಹಿಡಿದು ಹಾಕಿದರು. ಇಂಜಿನ್ನಿನೊಳಗೆ ಕೈ ಹಾಕುವವರ ಬೆರಳು, ಆದರೂ ಎಷ್ಟು ಮೆತ್ತಗೆ.

ಜುಲೈ 16

ಕಣ್ಣು ತಂಪು. ಎರಡು ವರ್ಷದಿಂದ ಇದ್ದ ಕೆಂಪು ಇಲ್ಲ, ಮರಳು ಬಿದ್ದಂಥ ಕಿರಿಕಿರಿಯಿಲ್ಲ. ನಿಶ್ಚಿತಾ "ಅಮ್ಮ, ನಿನ್ನ ಕಣ್ಣು ಮದುವೆ ಫೋಟೋದಲ್ಲಿ ಇದ್ದ ಹಾಗಿದೆ" ಎಂದಳು. ವೀರೇಶ್ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು. ಮದುವೆಯಾದ ಮೇಲೆ ಎಷ್ಟು ಸಲ ಕಾಫಿ ಮಾಡಿದ್ದಾರೆ ಎಂದು ಬೆರಳಲ್ಲಿ ಎಣಿಸಬಹುದು. ಸಕ್ಕರೆ ಹಾಕಿರಲಿಲ್ಲ. ಪೂರ್ತಿ ಕುಡಿದೆ.

ಆಗಸ್ಟ್ 2

ಬೆಳಿಗ್ಗೆ ಪೇಪರ್ ಓದಿದೆ. ಸಣ್ಣ ಅಕ್ಷರವೂ. ಮೊದಲೂ ಓದುತ್ತಿದ್ದೆನೋ ಏನೋ, ಗಮನಿಸಿರಲಿಲ್ಲ. ಈಗ ಓದಿದ ಪ್ರತಿ ಸಾಲೂ ಲಾಭ ಅನಿಸುತ್ತದೆ.

ಎರಡನೇ ಬಾಟಲಿ. "ದಿನಕ್ಕೆ ನಾಲ್ಕು ಸಲ ಹಾಕುವ," ಎನ್ನುತ್ತಾರೆ. ಮಧ್ಯಾಹ್ನ ಗ್ಯಾರೇಜು ಬಿಟ್ಟು ಬಂದು ಹಾಕಿ ಹೋಗುತ್ತಾರೆ.

ಆಗಸ್ಟ್ 22

ಕಮಲಕ್ಕ ಪಾಸು! ಆರ್‌ಟಿಓ ಇನ್‌ಸ್ಪೆಕ್ಟರ್ ಕೊಪ್ಪಕ್ಕೆ ಕ್ಯಾಂಪ್ ಬಂದಿದ್ದರು. ನೆಟ್ಟ ಕೋಲುಗಳ ನಡುವೆ ಗಾಡಿಯಲ್ಲಿ ಎಂಟು ಹಾಕುವಾಗ ಒಂದು ಕೋಲೂ ಬೀಳಲಿಲ್ಲ. ಗಾಡಿಯಿಂದ ಇಳಿದು ಬಂದು ಜನರೆದುರೇ ನನ್ನ ಕೆನ್ನೆ ಹಿಂಡಿದರು.

"ಇನ್ನು ಯಾವ ಮಾಣಿ ಹತ್ರಾನೂ ಕೇಳ್ಕೊಳ್ಳೂದಿಲ್ಲ, ಒಂಚೂರು ಪೇಟೆಗೆ ಬಿಟ್ಟು ಬಾ ಅಂತ. ಮಾರಾಯ್ತಿ, ನಿನ್ನನ್ನ ಕಿಗ್ಗದ ದೇವಸ್ಥಾನಕ್ಕೆ ಕರ್ಕೊಂಡು ಹೋಪದು ನಾನೇ."

ನನ್ನ ಸ್ಕೂಲಿನಿಂದ ಪಾಸಾಗುವ ಕೊನೆಯವರು ಇವರೇ ಇರಬೇಕು ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಇಲ್ಲ, ಏಕೆ ಕೊನೆ? ಕಣ್ಣು ಹೀಗೇ ತಣ್ಣಗಾಗುತ್ತ ಹೋದರೆ ಮತ್ತೆ ರಸ್ತೆಗೆ...

ಬರೆಯಬಾರದು. ದೃಷ್ಟಿಯಾಗುತ್ತದೆ.

ಸೆಪ್ಟೆಂಬರ್ 15, ಭಾನುವಾರ

ಕಿಗ್ಗ. ಕಮಲಕ್ಕನೇ ಓಡಿಸಿದರು. ಶೃಂಗೇರಿ ದಾಟಿದ ಮೇಲೆ ಆ ಸಣ್ಣ ರಸ್ತೆ, ಎದುರಿಂದ ಜೀಪು ಬಂದಾಗಲೆಲ್ಲ ಪೂರ್ತಿ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿ "ನೀವು ಹೋಗಿ, ನಾನು ಹೊಸಬಳು" ಎನ್ನುವುದು. ನಗುತ್ತಾ ಹೊಟ್ಟೆ ನೋವು ಬಂತು. ದೇವಸ್ಥಾನದಲ್ಲಿ ನನ್ನ ಹೆಸರಲ್ಲಿ ಅರ್ಚನೆ ಮಾಡಿಸಿದರು. ನಕ್ಷತ್ರ ಕೇಳಿದಾಗ "ಕಣ್ಣಿಗೆ ಅಂತ ಹೇಳಿ ಭಟ್ರೇ, ನಕ್ಷತ್ರ ದೇವರೇ ನೋಡ್ಕೊಳ್ತಾರೆ" ಎಂದರು.

ವಾಪಸು ಹೊರಡುವಾಗ ಮುಸ್ಸಂಜೆ. ಅಂಗಡಿಗಳ ದೀಪ ಹೊತ್ತಿತ್ತು. ಒಂದೊಂದು ದೀಪದ ಸುತ್ತ ಬಣ್ಣದ ಬಳೆ. ನೇರಳೆ, ಹಳದಿ. ಚೆಂದವೇ ಇತ್ತು. ಕಮಲಕ್ಕನಿಗೆ ತೋರಿಸಿದೆ. "ಎಂತದೂ ಇಲ್ಲೆ," ಎಂದರು.

ಸೆಪ್ಟೆಂಬರ್ 19

ನಾಳೆ ಶಿವಮೊಗ್ಗದ ಅಪಾಯಿಂಟ್‌ಮೆಂಟ್. ಗ್ಯಾರೇಜಿನಲ್ಲಿ ಎರಡು ಗಾಡಿಯ ಇಂಜಿನ್ ಬಿಚ್ಚಿಟ್ಟಾಗಿದೆ. "ಕಣ್ಣು ಎಷ್ಟು ಚೆನ್ನಾಗಿದೆ ನೋಡು. ದೀಪಾವಳಿ ಮುಗಿಸ್ಕೊಂಡೇ ಹೋಗುವ," ವೀರೇಶ್ ಹೇಳಿದರು. ಸರಿ ಎಂದೆ. ನಿಜ ಹೇಳಬೇಕೆಂದರೆ ಆ ಬೋಗುಣಿ ಮೆಷಿನ್ನಿಗೆ ಮುಖ ಕೊಡಲು ನನಗೇ ಮನಸ್ಸಿಲ್ಲ. ಈಗಿನ ಸುಖವನ್ನು ಅದು ಕಿತ್ತುಕೊಂಡರೆ?

ನವೆಂಬರ್ 6

ಬರೆಯದೆ ಬಹಳ ದಿನವಾಯಿತು. ಸಾಲು ಸೊಟ್ಟ ಹೋಗುತ್ತಿದೆ.

ಹಬ್ಬದ ದಿನ ಹಣತೆ ಇಡಲು ಹೋಗಿ ಎಣ್ಣೆಯ ಗಿಂಡಿ ಕೆಡವಿದೆ. ಕೈಯ ಪಕ್ಕದಲ್ಲೇ ಇತ್ತಂತೆ. ನಿನ್ನೆ ಮೈದಾನದಲ್ಲಿ ಒಬ್ಬಳು ಹುಡುಗಿ ನನಗೆ ಢಿಕ್ಕಿ ಹೊಡೆದಳು — ಇಲ್ಲ, ನಾನೇ ಅವಳಿಗೆ. ಇವತ್ತು ಬೆಳಿಗ್ಗೆ ವೀರೇಶ್ ಮುಖ ನೋಡಿದೆ. ಮೂಗು, ಬಾಯಿ ಇದೆ. ಕಿವಿ ನೋಡಬೇಕಾದರೆ ತಲೆ ತಿರುಗಿಸಬೇಕು.

ಕಣ್ಣು ಮಾತ್ರ ತಂಪಾಗಿಯೇ ಇದೆ. ನೋವಿಲ್ಲ. ಕೆಂಪಿಲ್ಲ.

ನವೆಂಬರ್ 8

ಪ್ರೆಶರ್ ಮೂವತ್ತೆಂಟು.

ಡಾಕ್ಟರ್ ಸೌಂದರ್ಯಾ ಎರಡು ಸಲ ನೋಡಿದರು. ವೀರೇಶ್ ಕಾರು ಬೇರೆ ಕಡೆ ನಿಲ್ಲಿಸಬೇಕೆಂದು ಸೆಕ್ಯೂರಿಟಿಯವನು ಕರೆದದ್ದರಿಂದ ಹೊರಗೆ ಹೋಗಿದ್ದರು.

"ನಾನು ಬರೆದಿದ್ದು ಬಿಟ್ಟಿದ್ರಾ?"

"ಇಲ್ಲ."

"ಬೇರೆ ಏನಾದ್ರೂ ಹಾಕ್ತಿದ್ರಾ?"

ಬ್ಯಾಗಿನಿಂದ ಬಾಟಲಿ ತೆಗೆದುಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ಓದಿದರು. ಆಮೇಲೆ ಮೇಜಿನ ಮೇಲೆ ಇಟ್ಟು, ಅದರ ಮೇಲೆ ಕೈ ಮುಚ್ಚಿದರು.

"ಇದು ಸ್ಟೀರಾಯ್ಡ್ ಮೇಡಂ. ಕೆಲವರ ಕಣ್ಣಿಗೆ ಇದು ದಿನಾ ಬಿದ್ರೆ ಒಳಗಿನ ನೀರು ಹೊರಗೆ ಹೋಗೋ ದಾರಿ ಕಟ್ಕೊಳ್ಳುತ್ತೆ. ಗ್ಲಾಕೋಮಾ ಇರೋರಿಗಂತೂ ಜಾಸ್ತಿ. ಪ್ರೆಶರ್ ಏರಿದ್ದೂ ಗೊತ್ತಾಗಲ್ಲ, ಹೆಚ್ಚಂದ್ರೆ ದೀಪದ ಸುತ್ತ ಬಣ್ಣ ಕಾಣಬಹುದು. ಕಣ್ಣು ಆರಾಮ ಅನ್ಸುತ್ತೆ."

"ನೀವು ಉರಿಯೂತ ಅಂದಿದ್ರಿ. ಅದಕ್ಕೇ..."

"ನಾನು ಹೇಳಿದ್ದು ನರದ ಒಳಗಿಂದು. ಈ ಹನಿ ಅಲ್ಲಿಯವರೆಗೆ ಹೋಗಿ ಅದನ್ನ ಆರಿಸಲ್ಲ. ಹೋಗೋದಾಗಿದ್ರೆ ನಾನೇ ಕೊಡ್ತಿರ್ಲಿಲ್ವಾ?" ಅವರ ಧ್ವನಿ ಸಣ್ಣಗಾಯಿತು. "ಯಾರು ಕೊಟ್ಟಿದ್ದು?"

ಹೇಳಿದೆ. ಹೇಳಿ, ವೀರೇಶ್‌ಗೆ ತಿಳಿಸಬೇಡಿ ಎಂದೆ. ಕೈ ಮುಗಿದೆ. ಅವರು ಬೇಡ ಬೇಡ ಎಂದು ನನ್ನ ಕೈ ಬಿಡಿಸಿದರು.

"ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಇನ್ನೊಂದು ಹನಿ ಹಾಕ್ಕೂಡದು."

ವೀರೇಶ್ ಒಳಗೆ ಬಂದಾಗ ಡಾಕ್ಟರ್ ಆಪರೇಶನ್ ವಿಷಯ ಮಾತ್ರ ಮಾತಾಡಿದರು. ನೀರು ಹೊರಗೆ ಹೋಗಲು ಬೇರೆ ದಾರಿ ಮಾಡುವುದು. ಹೋದ ದೃಷ್ಟಿ ಬರುವುದಿಲ್ಲ. ಉಳಿದದ್ದು ಉಳಿಯಬಹುದು.

"ಬಹುದು," ಎಂದು ವೀರೇಶ್ ಅದೊಂದೇ ಶಬ್ದವನ್ನು ಹಿಡಿದುಕೊಂಡರು.

ನವೆಂಬರ್ 10

ಬಾಟಲಿ ಆಸ್ಪತ್ರೆಯಲ್ಲೇ ಬಿಟ್ಟು ಬಂದೆ. ಎಲ್ಲಿ ಎಂದು ವೀರೇಶ್ ಕೇಳಿದರು. ಆಪರೇಶನ್ ಆಗುವವರೆಗೆ ನಿಲ್ಲಿಸಲು ಹೇಳಿದ್ದಾರೆ ಎಂದೆ.

"ಅದೊಂದೇ ಹಿಡಿದಿತ್ತು ನಿಂಗೆ. ಬಿಟ್ರೆ ದೃಷ್ಟಿ ಇನ್ನೂ ಇಳಿಯುತ್ತೆ ನೋಡು."

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಹೇಳಿದರೆ ಈ ಮನುಷ್ಯ ಏನಾಗುತ್ತಾರೆ? ಒಮ್ಮೆ ಒಂದು ಗಾಡಿಯ ಬ್ರೇಕ್ ಸರಿಯಾಗಿ ಕೂರದೆ ಗಿರಾಕಿಯೊಬ್ಬರ ಕೈ ಮುರಿದಿತ್ತು. ಆ ಮನೆಗೆ ಒಂದು ತಿಂಗಳು ಹಣ್ಣು ತೆಗೆದುಕೊಂಡು ಹೋಗುತ್ತಿದ್ದರು. ಹಣ್ಣು ಕೊಟ್ಟು ತೀರುವುದಲ್ಲ ಇದು.

ಮತ್ತೆ — ನಾನೂ ಬಾಯಿ ಮುಚ್ಚಿಕೊಂಡೇ ತಲೆ ಹಿಂದೆ ಹಾಕಿದ್ದೆನಲ್ಲ.

ಡಿಸೆಂಬರ್ 1

ಆಪರೇಶನ್ ಆಗಿ ವಾರ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಬಲಗಣ್ಣಿನಲ್ಲಿ ಒಂದು ಕೊಳವೆಯಷ್ಟು ಉಳಿದಿದೆ. ಅದರೊಳಗೆ ಎಲ್ಲವೂ ಸ್ಪಷ್ಟ. ಅದರ ಹೊರಗೆ ಕಪ್ಪು ಕೂಡ ಅಲ್ಲ, ಏನೂ ಇಲ್ಲ.

ಆಗಬಾರದ್ದೊಂದು ಆಯಿತು. ಆಪರೇಶನ್ ನಂತರ ಹಾಕಲು ಕೊಟ್ಟ ಔಷಧಿಗಳಲ್ಲಿ ಅದೂ ಇದೆ. ಅದೇ. ಹಾಲಿನಂಥದ್ದು. ಕುಲುಕಿ ಹಾಕುವುದು. ಮಾಡಿದ ಹೊಸ ದಾರಿ ಕೂಡಿಕೊಳ್ಳದಿರಲಿ ಎಂದು ಕೆಲವು ವಾರ ಮಾತ್ರ, ವಾರವಾರ ಪ್ರೆಶರ್ ನೋಡುತ್ತಾ, ಎಂದು ಡಾಕ್ಟರ್ ನನಗೆ ಬಿಡಿಸಿ ಹೇಳಿದ್ದಾರೆ. ವೀರೇಶ್‌ಗೆ ಬಿಡಿಸಿ ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕು.

ಬಾಟಲಿ ನೋಡಿದ್ದೇ ಅವರು ಮನೆಯಿಡೀ ಕೇಳುವ ಹಾಗೆ ಕೂಗಿದರು. "ನಿಶ್ಚಿತಾ, ಬಾ ಇಲ್ಲಿ! ನೋಡು, ಡಾಕ್ಟ್ರೇ ಬರೆದಿದ್ದಾರೆ. ನಾನು ಮೊದಲೇ ತಂದಿದ್ದೆ. ಓದಿದವರಿಗೆ ಈಗ ಗೊತ್ತಾಯ್ತು!"

ಮಗಳು ಅಪ್ಪನ ಭುಜ ತಟ್ಟಿದಳು. ನಾನು ಹೌದು ಎಂದೆ.

ಡಿಸೆಂಬರ್ 23

ಹಾಲಿನ ಔಷಧಿ ನಿಲ್ಲಿಸಿದರು. ಪ್ರೆಶರ್ ಹತ್ತು. ಮನೆಯವರನ್ನೂ ತೋರಿಸಿ, ಇದು ವಂಶದಲ್ಲಿ ಬರುತ್ತದೆ ಎಂದು ಡಾಕ್ಟರ್ ಮತ್ತೆ ನೆನಪಿಸಿದರು. ಅಪ್ಪನಿಂದ ನನಗೆ. ನನ್ನಿಂದ —

ಜನವರಿ 17

ನಿಶ್ಚಿತಾಳ ಕಣ್ಣಿನ ಪ್ರೆಶರ್ ಇಪ್ಪತ್ತಾರು. ನರ ಇನ್ನೂ ಚೆನ್ನಾಗಿದೆಯಂತೆ. ಈಗಲೇ ಸಿಕ್ಕಿದ್ದು ಪುಣ್ಯ, ದಿನಕ್ಕೆ ಒಂದು ಡ್ರಾಪ್ಸ್, ವರ್ಷವರ್ಷ ಟೆಸ್ಟ್, ನಿನ್ನ ಅಮ್ಮನ ಹಾಗೆ ಆಗಬೇಕೆಂದಿಲ್ಲ ಎಂದು ಡಾಕ್ಟರ್ ಅವಳ ಬೆನ್ನು ಸವರಿದರು.

ಬರುವಾಗ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ಎನ್.ಆರ್. ಪುರ ದಾಟುವವರೆಗೆ ಮಾತಿಲ್ಲ. ಆಮೇಲೆ, "ಅಮ್ಮ, ನಿಂಗೆ ಮೊದಲು ಎಂತ ಕಾಣದೆ ಹೋಯ್ತು?"

ಸ್ಕೂಟಿಯ ಮಗು, ಎನ್ನಲಿಲ್ಲ. "ನೆನಪಿಲ್ಲ ಕಣೆ," ಎಂದೆ.

ಜನವರಿ 21

ಇವತ್ತಿನದನ್ನು ಹೇಗಾದರೂ ಬರೆಯಬೇಕು.

ಸಂಜೆ ದೇವರ ದೀಪ ಹಚ್ಚುತ್ತಿದ್ದೆ. ನಡುಮನೆಯಿಂದ ವೀರೇಶ್ ಧ್ವನಿ. "ತಲೆ ಹಿಂದೆ ಹಾಕು. ಹೆದರ್ಬೇಡ, ಉರಿಯೂದಿಲ್ಲ ಇದು." ಆಮೇಲೆ ಆ ಸದ್ದು. ಬಾಟಲಿ ಕುಲುಕುವ ಸದ್ದು.

ಡಾಕ್ಟರ್ ಬರೆದ ನಿಶ್ಚಿತಾಳ ಡ್ರಾಪ್ಸ್ ಕುಲುಕುವಂಥದ್ದಲ್ಲ.

ಓಡಿದೆ. ಸ್ಟೂಲಿಗೆ ಕಾಲು ತಾಗಿ ಬಿದ್ದೆ. ಬಿದ್ದಲ್ಲಿಂದಲೇ "ಬೇಡ! ಹಾಕ್ಬೇಡಿ!" ಎಂದು ಕೂಗಿದೆ. ನನಗೆ ಕೊಟ್ಟದ್ದರಲ್ಲಿ ಉಳಿದಿದ್ದ ಆ ಹಾಲಿನಂಥ ಔಷಧಿಯ ಬಾಟಲಿ ಅವರ ಕೈಯಿಂದ ಜಾರಿ ಉರುಳಿ ಹೋಯಿತು.

"ಎಂತ ಆಯ್ತೇ? ಉರಿಯೂತ ಶುರುವಾಗೋ ಮೊದಲೇ ಹಾಕಿದ್ರೆ ಒಳ್ಳೇದಲ್ಲನಾ? ಡಾಕ್ಟ್ರೇ ನಿಂಗೆ ಇದನ್ನೇ—"

"ಅದು ಹಾಕಿದ್ದಕ್ಕೇ ನನ್ನ ಪ್ರೆಶರ್ ಏರಿದ್ದು."

ಒಂದೇ ವಾಕ್ಯ. ಎರಡೂವರೆ ತಿಂಗಳು ಹೊಟ್ಟೆಯೊಳಗೆ ಇಟ್ಟುಕೊಂಡದ್ದು. ಆಮೇಲೆ ಎಲ್ಲ ಹೇಳಿದೆ — ನೀರಿನ ದಾರಿ ಕಟ್ಟಿದ್ದು, ಮೂವತ್ತೆಂಟು, ಆಪರೇಶನ್ ಆದ ಮೇಲೆ ಕೊಟ್ಟದ್ದು ಬೇರೆ ಕಾರಣಕ್ಕೆ. ಡಾಕ್ಟರ್ ಜೂನಿನಲ್ಲೇ ಬೇರೇನೂ ಹಾಕಬೇಡಿ ಅಂದಿದ್ದರು, ನನಗೆ ಗೊತ್ತಿತ್ತು, ಗೊತ್ತಿದ್ದೂ ಹಾಕಿಸಿಕೊಂಡೆ, ತಪ್ಪು ನಿಮ್ಮೊಬ್ಬರದಲ್ಲ ಎಂದು ಎರಡು ಸಲ ಹೇಳಿದೆ. ಕೊನೆಯದು ಅವರ ಕಿವಿಗೆ ಬಿದ್ದಂತಿಲ್ಲ.

"ದಿನಾ ನಾಲ್ಕು ಸಲ," ಎಂದರು. "ಕೈ ತೊಳ್ಕೊಂಡು ಹಾಕಿದೆನಲ್ಲೇ."

ನಿಶ್ಚಿತಾ ಅಳುತ್ತಿದ್ದಳು. ಅವರು ಅಳಲಿಲ್ಲ. ನೆಲದ ಮೇಲೆ ಕೂತು ಬಾಟಲಿ ಹುಡುಕಿದರು, ತೆಗೆದುಕೊಂಡು ಹೊರಗೆ ಹೋದರು. ಕಾಂಪೌಂಡಿನ ಹತ್ತಿರ ಕಲ್ಲಿನಿಂದ ಜಜ್ಜುವ ಸದ್ದು ಕೇಳಿತು. ಪ್ಲಾಸ್ಟಿಕ್ ಬಾಟಲಿ. ಒಡೆಯುವುದಿಲ್ಲ.

ಫೆಬ್ರವರಿ 4

ವೀರೇಶ್ ಗ್ಯಾರೇಜಿಗೆ ಹೋಗುತ್ತಾರೆ, ಬರುತ್ತಾರೆ, ಊಟ ಮಾಡುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ನನ್ನ ಡ್ರಾಪ್ಸ್ ಈಗ ಹಾಕುವುದು ನಿಶ್ಚಿತಾ. ಆ ಹೊತ್ತಿಗೆ ಅವರು ಮನೆಯೊಳಗೆ ಇರುವುದಿಲ್ಲ.

ಫೆಬ್ರವರಿ 18

ಕಮಲಕ್ಕ ಬಂದಿದ್ದರು, ಕಾರಿನಲ್ಲಿ, ಒಬ್ಬರೇ. ಡ್ರೈವಿಂಗ್ ಸ್ಕೂಲಿನ ಬೋರ್ಡು ಇಳಿಸಿದ್ದು ನೋಡಿ ಬಂದದ್ದಂತೆ. ವೀರೇಶ್ ಜತೆ ಗೇಟಿನಲ್ಲಿ ಮಾತಾಡುವುದು ಕೇಳಿತು.

"ಎಂತ ಮಾರಾಯ, ನೀನು ಯಾಕೆ ಹೀಗೆ ಒಣಗಿದ್ದು?"

"ಏನಿಲ್ಲ ಕಮಲಕ್ಕ."

ಒಳಗೆ ಬಂದು ನನ್ನ ಕೈ ಹಿಡಿದು ಕೂತರು. ಹೊರಡುವಾಗ "ಯಾವಾಗ ಬೇಕಾದ್ರೂ ಫೋನ್ ಮಾಡು, ಬತ್ತೆ. ಗಾಡಿ ಕಲಿಸಿದ್ದಕ್ಕೆ ಅಷ್ಟಾದ್ರೂ ಬೇಡವಾ," ಎಂದರು. ಕಾರು ಹೋಗುವುದನ್ನು ಕೇಳಿಸಿಕೊಂಡೆ. ಒಂದನೇ ಗೇರಿನಿಂದ ಎರಡಕ್ಕೆ ಚೆನ್ನಾಗಿ ಹಾಕಿದರು.

ಮಾರ್ಚ್ 12

ಪ್ರೆಶರ್ ಹತ್ತು. ಇದಕ್ಕಿಂತ ಒಳ್ಳೆಯ ಪ್ರೆಶರ್ ಕೇಳಲಾಗದು ಎಂದರು ಡಾಕ್ಟರ್. ಫೀಲ್ಡ್ ಟೆಸ್ಟಿನಲ್ಲಿ ಮಾತ್ರ ದೃಷ್ಟಿ ಮತ್ತೆ ಕುಗ್ಗಿದೆ. ಕೊಳವೆ ಈಗ ಬಳೆಯಷ್ಟಿಲ್ಲ, ನಾಣ್ಯದಷ್ಟು.

ಅಂದರೆ ಅದೇ. ಒಳಗಿನ ಉರಿ. ಈ ಸಲ ಯಾವ ಬಾಟಲಿಯೂ ಇಲ್ಲ.

ವೀರೇಶ್ ಹೊರಗಿನ ಬೆಂಚಿನಲ್ಲೇ ಇದ್ದರು, ಒಳಗೆ ಬರಲು ಒಪ್ಪಿರಲಿಲ್ಲ. ನಾನು ಕೇಳಿದೆ, "ಡಾಕ್ಟ್ರೇ, ಅವರನ್ನ ಕರೆದು ಒಂದು ಮಾತು ಹೇಳ್ತೀರಾ? ಆ ಡ್ರಾಪ್ಸ್ ಹಾಕದಿದ್ರೂ ಹೀಗೇ ಆಗ್ತಿತ್ತು ಅಂತ?"

ಸೌಂದರ್ಯಾ ಟೆಸ್ಟಿನ ಹಾಳೆ ಬದಿಗಿಟ್ಟರು.

"ಹಾಗೆ ಹೇಳೋಕಾಗಲ್ಲ ಮೇಡಂ. ಆ ನಾಲ್ಕು ತಿಂಗಳಲ್ಲಿ ತುಂಬಾ ಹೋಯ್ತು. ಆದ್ರೆ ಕೊನೆಗೆ ಇಲ್ಲಿಗೇ ಬರ್ತಿರಲಿಲ್ಲ ಅಂತಲೂ ನಾನು ಹೇಳಲ್ಲ. ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ."

ಬೆಂಚಿನ ಹತ್ತಿರ ಬಂದೆ. ಅವರು ಎದ್ದು ನಿಂತರು.

"ಎಂತ ಹೇಳಿದ್ರು?"

"ಹಾಕದಿದ್ರೂ ಹೀಗೇ ಆಗ್ತಿತ್ತಂತೆ."

ಅವರ ಉಸಿರು ಕೇಳಿತು. ನಾಣ್ಯದಷ್ಟು ಬೆಳಕಿನಲ್ಲಿ ಅವರ ಮುಖ ಹುಡುಕಿದೆ. ಅಂಗಿಯ ಗುಂಡಿ ಸಿಕ್ಕಿತು, ಕುತ್ತಿಗೆ ಸಿಕ್ಕಿತು. ಮುಖ ಬೇರೆ ಕಡೆ ತಿರುಗಿತ್ತು.

"ನಿಂಗೆ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ ಮಾರಾಯ್ತಿ," ಎಂದರು.

ಏಪ್ರಿಲ್ 3

ನಿಶ್ಚಿತಾ ಅವಳ ಡ್ರಾಪ್ಸ್ ತಾನೇ ಹಾಕಿಕೊಳ್ಳುತ್ತಾಳೆ. ಕನ್ನಡಿ ಮುಂದೆ ನಿಂತು. ಮೊದಮೊದಲು ಕೆನ್ನೆಗೆ ಬೀಳುತ್ತಿತ್ತಂತೆ, ಈಗ ಅಭ್ಯಾಸವಾಗಿದೆ. ಅವಳ ನರದ ಸುತ್ತ ಕಾಯುವ ಆ ಜೀವಕೋಶಗಳು ಕೆರಳಿ ಎದ್ದಿವೆಯೋ ಮಲಗಿವೆಯೋ, ಅದನ್ನು ನೋಡುವ ಮೆಷಿನ್ ಇಲ್ಲ. ಕಾಯುವುದು.

ಏಪ್ರಿಲ್ 19, ಬೆಳಿಗ್ಗೆ

ನಿಶ್ಚಿತಾ ಕಾಲೇಜಿನವರ ಜತೆ ಟೂರಿಗೆ ಹೋದಳು. ಹೋಗುವಾಗ "ಅಪ್ಪಾ, ಅಮ್ಮನ ಡ್ರಾಪ್ಸ್," ಎಂದಳು.

ನಾನೇ ಹಾಕಿಕೊಳ್ಳಲು ನೋಡಿದೆ. ಒಂದು ಹನಿ ಹುಬ್ಬಿಗೆ, ಒಂದು ಮೂಗಿನ ಪಕ್ಕ. ಕಣ್ಣಿಗೆ ಬಿತ್ತೋ ಇಲ್ಲವೋ ತಿಳಿಯದೆ ಮತ್ತೊಂದು. ಕುತ್ತಿಗೆಯವರೆಗೆ ಒದ್ದೆ.

ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಕಾಣುವುದಿಲ್ಲ. ಗ್ರೀಸಿನ ವಾಸನೆ. ಇಷ್ಟು ಹೊತ್ತಿಗೆ ಗ್ಯಾರೇಜಿನಲ್ಲಿ ಇರಬೇಕಿತ್ತು.

"ಹಾಕ್ತೀರಾ?" ಎಂದೆ.

ಏನೂ ಇಲ್ಲ.

"ಇದು ಡಾಕ್ಟ್ರು ಬರೆದದ್ದೇ. ನೀಲಿ ಮುಚ್ಚಳ. ಬೇಕಾದ್ರೆ ಓದಿ ನೋಡಿ."

ಬಾಟಲಿ ಮೇಜಿನ ತುದಿಯಲ್ಲಿ ಇಟ್ಟಿದ್ದೇನೆ. ಸುಮ್ಮನೆ ಕಾಯಲಾಗದೆ ಇದನ್ನು ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಬೀಳುತ್ತಿದೆಯೋ ಏನೋ.

ನಲ್ಲಿ ಬಿಟ್ಟ ಸದ್ದು. ಕೈ ತೊಳೆಯುತ್ತಿದ್ದಾರೆ. ನಿಲ್ಲಿಸಿದರು. ಮತ್ತೆ ತೊಳೆಯುತ್ತಿದ್ದಾರೆ.

ನಿಲ್ಲಿಸಿದರು.

ಹೆಜ್ಜೆ. ಈ ಕಡೆಗೋ, ಗೇಟಿನ ಕಡೆಗೋ